ಅಂಗಡಿಗೆ, ಕಂಪನಿಗೆ ಹೆಸರಿಡುವ ಮುಂಚೆ: ತುಮಕೂರಿನ ಸಣ್ಣ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಗುಬ್ಬಿ, ತಿಪಟೂರು, ಶಿರಾ, ಕುಣಿಗಲ್ ಕಡೆಯಿಂದ ಹೊಸ ವ್ಯಾಪಾರದ ನೋಂದಣಿಗೆ ಬರುವವರಲ್ಲಿ ಬಹಳಷ್ಟು ಜನ ಅರ್ಜಿಯ ಮೊದಲ ಸಾಲಿನಲ್ಲೇ ನಿಂತುಬಿಡುತ್ತಾರೆ. ಅಲ್ಲಿ ಕೇಳಿರುವುದು ಸಂಸ್ಥೆಯ ಹೆಸರು. ಮಳಿಗೆಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಮಾಲು ಬಂದಿರುತ್ತದೆ, ಹೆಸರು ಮಾತ್ರ ತೀರ್ಮಾನ ಆಗಿರುವುದಿಲ್ಲ. ಅವಸರದಲ್ಲಿ ಏನೋ ಒಂದು ಬರೆಸುತ್ತಾರೆ. ಅದೇ ಹೆಸರು ಬೋರ್ಡು, ಬಿಲ್ಲು, ಬ್ಯಾಂಕು, ಜಿಎಸ್‌ಟಿ ಎಲ್ಲಾ ಕಡೆ ಕೂತುಬಿಡುತ್ತದೆ. ಹಾಗಾಗಬಾರದು ಅಂತ ಈ ಪ್ರಶ್ನೋತ್ತರ ಬರೆದಿದ್ದೇವೆ.

ಹೆಸರು ಯೋಚಿಸೋಕೆ ಎಲ್ಲಿಂದ ಶುರು ಮಾಡಬೇಕು?

ಗಿರಾಕಿಯಿಂದ. ನಿಮ್ಮ ಅಂಗಡಿಯ ಹೆಸರನ್ನು ನೀವು ದಿನಕ್ಕೆ ಎಷ್ಟು ಸಲ ಹೇಳುತ್ತೀರಿ? ತುಂಬಾ ಕಡಿಮೆ. ಹೇಳುವವರು ಬೇರೆಯವರು. ಆಟೋದವರಿಗೆ ದಾರಿ ಹೇಳುವಾಗ, ನಾದಿನಿಗೆ ಫೋನಿನಲ್ಲಿ "ಅಲ್ಲೇ ತಗೋ" ಅನ್ನುವಾಗ, ಲಾರಿ ಆಫೀಸಿನಲ್ಲಿ ಪಾರ್ಸೆಲ್ ಬಿಡಿಸುವಾಗ ಆ ಹೆಸರು ಅವರ ಬಾಯಲ್ಲಿ ಬರಬೇಕು. ಹಾಗಾಗಿ ನಾವು ನೋಡುವುದು ಎರಡೇ ವಿಷಯ. ಆ ಹೆಸರು ಜನರ ಬಾಯಲ್ಲಿ ಸಲೀಸಾಗಿ ಬರುತ್ತದಾ? ಕಾಗದದ ಮೇಲೆ ಅದು ನಿಮ್ಮದೇ ಅಂತ ಹೇಳೋಕೆ ಆಗುತ್ತದಾ?

ಒಂದು ಸುಲಭದ ಪರೀಕ್ಷೆ ಇದೆ. ಮನಸ್ಸಿಗೆ ಬಂದ ಮೂರ್ನಾಲ್ಕು ಹೆಸರನ್ನು ಮನೆಯ ಹಿರಿಯರೊಬ್ಬರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ. ಮಾರನೇ ದಿನ ಕೇಳಿ. ಅವರಿಗೆ ಯಾವುದು ನೆನಪಿದೆಯೋ, ಯಾವುದನ್ನು ತಪ್ಪಿಲ್ಲದೆ ಹೇಳುತ್ತಾರೋ ಅದನ್ನು ಇಟ್ಟುಕೊಂಡು ಮುಂದೆ ಹೋಗಿ. ಸ್ನೇಹಿತರ ವಾಟ್ಸಾಪ್ ಗುಂಪಿನಲ್ಲಿ ಓಟು ಹಾಕಿಸುವುದಕ್ಕಿಂತ ಇದು ಎಷ್ಟೋ ವಾಸಿ. ಗುಂಪಿನಲ್ಲಿ ಹೆಸರನ್ನು ಕಣ್ಣಲ್ಲಿ ನೋಡಿ ಹೇಳುತ್ತಾರೆ, ಕಿವಿಯಲ್ಲಿ ಕೇಳಿ ಹೇಳುವುದಿಲ್ಲ.

ಮನೆ ದೇವರ ಹೆಸರು ಇಡಬೇಕು ಅಂತ ಅಪ್ಪ ಅಮ್ಮ ಹೇಳುತ್ತಿದ್ದಾರೆ. ಇಡಬಹುದಾ?

ಖಂಡಿತ ಇಡಬಹುದು. ನಮ್ಮ ಜಿಲ್ಲೆಯಲ್ಲಿ ಅತಿ ಜಾಸ್ತಿ ಕಾಣುವುದೇ ಈ ಥರದ ಹೆಸರು. ಯಡಿಯೂರಿನ ಸಿದ್ಧಲಿಂಗೇಶ್ವರ, ದೇವರಾಯನದುರ್ಗದ ನರಸಿಂಹ, ಗೊರವನಹಳ್ಳಿಯ ಮಹಾಲಕ್ಷ್ಮಿ, ಮಾರುತಿ, ಗಣೇಶ. ಬಾಗಿಲು ತೆಗೆದ ಕೂಡಲೇ ದೇವರ ಹೆಸರು ಕಣ್ಣಿಗೆ ಬೀಳಬೇಕು ಅನ್ನುವ ಆಸೆ ಒಳ್ಳೆಯದೇ. ಅದನ್ನು ಬಿಡಿ ಅಂತ ನಾವು ಯಾರಿಗೂ ಹೇಳುವುದಿಲ್ಲ.

ಆದರೆ ದೇವರು ಎಲ್ಲರ ದೇವರು. ಬಿ.ಎಚ್. ರಸ್ತೆಯ ಈ ತುದಿಯಿಂದ ಆ ತುದಿಗೆ ಬೋರ್ಡು ಓದುತ್ತಾ ನಡೆದರೆ ಒಂದೇ ದೇವರ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಒಂದು ಹಾರ್ಡ್‌ವೇರ್, ಒಂದು ಮೆಡಿಕಲ್ಸ್, ಒಂದು ಕಾಂಡಿಮೆಂಟ್ಸ್. ವ್ಯಾಪಾರ ಬೇರೆ ಬೇರೆ ಆಗಿದ್ದರೆ ಗಿರಾಕಿಗೆ ಗೊಂದಲ ಇಲ್ಲ. ಒಂದೇ ಥರದ ವ್ಯಾಪಾರ ಆದರೆ ಪಾರ್ಸೆಲ್ ಅದಲು ಬದಲು ಆಗುತ್ತದೆ, ಚೆಕ್ ತಪ್ಪು ಕಡೆ ಹೋಗುತ್ತದೆ, ಆ ಇನ್ನೊಂದು ಅಂಗಡಿಗೆ ಸಾಲ ಕೊಟ್ಟವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಕಾನೂನಿನಲ್ಲೂ ಇಂಥ ಹೆಸರನ್ನು "ಇದು ನನ್ನೊಬ್ಬನದೇ" ಅನ್ನುವುದು ಕಷ್ಟ. ಊದುಬತ್ತಿಗೆ "ರಾಮಾಯಣ" ಅನ್ನುವ ಹೆಸರು ತಮ್ಮದೇ ಅಂದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ಒಪ್ಪಲಿಲ್ಲ. ಧರ್ಮಗ್ರಂಥದ ಹೆಸರನ್ನು ಯಾರೊಬ್ಬರೂ ತಮ್ಮ ಸರಕಿನ ಟ್ರೇಡ್‌ಮಾರ್ಕ್ (ತಮ್ಮೊಬ್ಬರದೇ ಅಂತ ನೋಂದಣಿ ಮಾಡಿಸುವ ಹೆಸರು, ಗುರುತು) ಅಂತ ಹಿಡಿದುಕೊಳ್ಳುವ ಹಾಗಿಲ್ಲ ಅಂತ ಹೇಳಿತು.

ಇದಕ್ಕೆ ದಾರಿ ಇದೆ. ದೇವರ ಹೆಸರಿನ ಜೊತೆಗೆ ನಿಮ್ಮದೇ ಆದ ಇನ್ನೊಂದು ಪದ ಸೇರಿಸಿ. ನಿಮ್ಮ ಹಳ್ಳಿಯ ಹೆಸರು, ತೋಟದ ಹೆಸರು, ಅಜ್ಜಿಯ ಹೆಸರು, ಏನಾದರೂ ಸರಿ. ಆಗ ದೇವರೂ ಬೋರ್ಡಿನ ಮೇಲೆ ಇರುತ್ತಾರೆ, ಹೆಸರೂ ಬೇರೆಯಾಗಿ ನಿಲ್ಲುತ್ತದೆ.

ಗುಬ್ಬಿ ಕಂಪನಿಯ ವಿಷಯ ಇಲ್ಲಿ ನೆನಪಿಸಿಕೊಳ್ಳಬೇಕು. 1884ರಲ್ಲಿ ಶುರುವಾದ ಆ ನಾಟಕ ಕಂಪನಿಯ ಪೂರ್ತಿ ಹೆಸರಿನಲ್ಲಿ ಗುಬ್ಬಿಯ ದೇವರು ಚನ್ನಬಸವೇಶ್ವರ ಇದ್ದಾರೆ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಜನ ಹೇಳಿದ್ದು ಮಾತ್ರ "ಗುಬ್ಬಿ ಕಂಪನಿ". ನೀವು ಎಷ್ಟೇ ಉದ್ದದ ಹೆಸರಿಡಿ, ಜನ ಅದರಲ್ಲಿ ತಮಗೆ ಬೇಕಾದ ತುಂಡನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೆಸರಿಡುವಾಗಲೇ ಯಾವ ತುಂಡು ಉಳಿಯಬಹುದು ಅಂತ ನೋಡಿಕೊಳ್ಳಿ. ಬೇರೆ ಎಲ್ಲೂ ಇಲ್ಲದ ಪದ ಆ ತುಂಡಿನಲ್ಲಿ ಇರಲಿ.

ಇನ್ನೊಂದು ಮಾತು. ಪ್ಯಾಕೆಟ್ ಮಾಡಿ ಮಾರುವ ಸರಕಾದರೆ ದೇವರ ಹೆಸರು, ಫೋಟೋ ಹಾಕುವ ಮುಂಚೆ ಯೋಚನೆ ಮಾಡಿ. ಕವರ್ ಕೊನೆಗೆ ಕಸದ ಬುಟ್ಟಿಗೋ ರಸ್ತೆಗೋ ಬೀಳುತ್ತದೆ. ಅದನ್ನು ತುಳಿಯುವುದು ಅನೇಕರಿಗೆ ಮನಸ್ಸಿಗೆ ಹಿಡಿಸುವುದಿಲ್ಲ. ಅಂಗಡಿಯ ಬೋರ್ಡಿಗೆ ದೇವರ ಹೆಸರು, ಪ್ಯಾಕೆಟ್ಟಿಗೆ ಬೇರೆ ಬ್ರ್ಯಾಂಡ್ ಹೆಸರು ಇಟ್ಟುಕೊಂಡವರು ಇದ್ದಾರೆ. ಅದು ಒಳ್ಳೆಯ ಪದ್ಧತಿ.

ತುಮಕೂರು, ಕಲ್ಪತರು, ಸಿದ್ಧಗಂಗಾ ಅಂತ ಇಟ್ಟರೆ?

ತೆಂಗಿನ ನಾಡಾದ್ದರಿಂದ ನಮ್ಮ ಜಿಲ್ಲೆಗೆ ಕಲ್ಪತರು ನಾಡು ಅನ್ನುತ್ತಾರೆ. ಆ ಪದ ನಮಗೆಲ್ಲ ಹೆಮ್ಮೆಯದು. ಹಾಗಾಗಿಯೇ ಎಷ್ಟೋ ವ್ಯಾಪಾರಗಳಿಗೆ ಆಗಲೇ ಅದೇ ಹೆಸರಿದೆ. ಕೊಬ್ಬರಿ ವ್ಯಾಪಾರಕ್ಕೆ ಕಲ್ಪತರು ಅಂತ ಇಟ್ಟರೆ ನೂರರಲ್ಲಿ ನೂರೊಂದನೆಯವರಾಗುತ್ತೀರಿ. ಬೇರೆ ಜಿಲ್ಲೆಯಲ್ಲಿ ಮಾರುವವರಿಗೆ ಅದು ಸ್ವಲ್ಪ ಕೆಲಸಕ್ಕೆ ಬರಬಹುದು, ಊರೊಳಗೆ ಬೇರೆಯಾಗಿ ಕಾಣುವುದಿಲ್ಲ.

ಊರಿನ ಹೆಸರು ಮಾತ್ರ ಇಟ್ಟರೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಸರಕು ಎಲ್ಲಿಂದ ಬಂತು ಅಂತ ಹೇಳುವ ಪದ ಆ ಊರಿನ ಎಲ್ಲ ವ್ಯಾಪಾರಿಗಳಿಗೂ ಬೇಕಾದದ್ದು, ಒಬ್ಬರಿಗೇ ಕೊಡುವುದಕ್ಕೆ ಆಗಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನೇ ನೋಡಿ. ಊರಿನ ಹೆಸರೂ ತಿಂಡಿಯ ಹೆಸರೂ ಸೇರಿ ಒಂದಾಗಿಬಿಟ್ಟಿದೆ. ಅದು ಅಲ್ಲಿನ ಎಲ್ಲ ಹೋಟೆಲಿನವರಿಗೂ ಸೇರಿದ್ದು. ನೀವು ತಟ್ಟೆ ಇಡ್ಲಿ ಹೋಟೆಲ್ ಇಡುವುದಾದರೆ ಆ ಮಾತನ್ನು ಬೋರ್ಡಿನಲ್ಲಿ ಹಾಕಿಕೊಳ್ಳಿ, ಆದರೆ ಅದಕ್ಕೆ ಮುಂಚೆ ನಿಮ್ಮದೇ ಹೆಸರೊಂದು ಇರಲಿ. ಅಯ್ಯಂಗಾರ್ ಬೇಕರಿ, ದೊನ್ನೆ ಬಿರಿಯಾನಿ, ಮಿಲಿಟರಿ ಹೋಟೆಲ್ ಅನ್ನುವುದಕ್ಕೂ ಇದೇ ಮಾತು.

ಸಿದ್ಧಗಂಗಾ ಅಂದ ಕೂಡಲೇ ಜನರಿಗೆ ಮಠ ನೆನಪಾಗುತ್ತದೆ. ಮಠಕ್ಕೆ ಸಂಬಂಧ ಇಲ್ಲದೆ, ಸಂಬಂಧ ಇದೆ ಅನ್ನಿಸುವ ಹಾಗೆ ಹೆಸರಿಡುವುದು ಸರಿಯಲ್ಲ. ವಿದ್ಯೆ, ದಾಸೋಹದ ಹೆಸರಲ್ಲಿ ಗಳಿಸಿದ ನಂಬಿಕೆ ಅದು. ಶಾಲೆ, ಆಸ್ಪತ್ರೆ, ಹಾಸ್ಟೆಲ್ ಥರದ ವ್ಯವಹಾರಕ್ಕಂತೂ ಇನ್ನೂ ಎಚ್ಚರ ಬೇಕು.

ಊರಿನ ಹೆಸರು ಸೇರಿಸಿದರೆ ಇಂಗ್ಲಿಷ್ ಕಾಗುಣಿತವನ್ನೂ ನೋಡಿಕೊಳ್ಳಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮ ಊರನ್ನು ಕನ್ನಡದ ಉಚ್ಚಾರಣೆಯ ಹಾಗೇ ಬರೆಯುತ್ತಾರೆ. ಹಳೆಯ ಸಂಸ್ಥೆಗಳ ಕಾಗದದಲ್ಲಿ "ಟುಮ್ಕೂರ್" ಅನ್ನುವ ಹಳೆಯ ಬರಹವೇ ಇರುತ್ತದೆ. ಹೊಸದಾಗಿ ಇಡುವವರು ಹೊಸದನ್ನೇ ಬರೆಯಿರಿ, ಎಲ್ಲಾ ಕಡೆ ಒಂದೇ ಥರ ಬರೆಯಿರಿ.

ಮಗಳ ಹೆಸರು? ಇನಿಷಿಯಲ್?

ಮಕ್ಕಳ ಹೆಸರು ಚೆನ್ನಾಗಿಯೇ ಇರುತ್ತದೆ. ಇಬ್ಬರು ಮಕ್ಕಳಿದ್ದರೆ ಒಬ್ಬರ ಹೆಸರು ಬಿಟ್ಟುಹೋಯಿತು ಅಂತ ಮುಂದೆ ಬೇಜಾರಾಗದ ಹಾಗೆ ನೋಡಿಕೊಂಡರೆ ಸಾಕು.

ಇನಿಷಿಯಲ್ ವಿಷಯದಲ್ಲಿ ನಮಗೆ ಅನುಮಾನ ಜಾಸ್ತಿ. ಮಂಡಿ ವ್ಯಾಪಾರದಲ್ಲಿ ಇದು ಹಳೆಯ ರೂಢಿ. ಆದರೆ ಫೋನಿನಲ್ಲಿ ಬಿ, ಡಿ, ಪಿ, ಟಿ, ವಿ ಎಲ್ಲ ಒಂದೇ ಥರ ಕೇಳುತ್ತದೆ. ಎಂ ಮತ್ತು ಎನ್ ಹಾಗೇ. ಲಾರಿ ಆಫೀಸಿನ ಗದ್ದಲದಲ್ಲಿ ಇನ್ನೂ ಕಷ್ಟ. ಎಂಟಿಆರ್ ಇಲ್ಲವಾ ಅಂತ ಕೇಳುತ್ತೀರಿ. 1924ರಲ್ಲಿ ಬೆಂಗಳೂರಿನ ಮಾವಳ್ಳಿಯಲ್ಲಿ ಶುರುವಾದದ್ದು ಅದು. ಮಾವಳ್ಳಿ ಟಿಫಿನ್ ರೂಮ್ ಅನ್ನುವ ಪೂರ್ತಿ ಹೆಸರು ಮೊದಲು, ಮೂರು ಅಕ್ಷರ ಆಮೇಲೆ. ಜನರಿಗೆ ನೀವು ಗೊತ್ತಾದ ಮೇಲೆ ಹೆಸರು ತಾನಾಗಿ ಗಿಡ್ಡ ಆದರೆ ಆಗಲಿ. ಮೊದಲ ದಿನವೇ ಮೂರು ಅಕ್ಷರ ಇಟ್ಟರೆ ಅದರ ಹಿಂದೆ ಏನಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಏನು ವ್ಯಾಪಾರ ಅಂತ ಹೆಸರಲ್ಲೇ ಇರಬೇಕಾ?

ಇದ್ದರೆ ಮೊದಲ ವರ್ಷ ಅನುಕೂಲ. "ಟೈಲ್ಸ್", "ನರ್ಸರಿ", "ಎಲೆಕ್ಟ್ರಿಕಲ್ಸ್" ಅಂತ ಬೋರ್ಡಿನಲ್ಲಿ ಇದ್ದರೆ ದಾರಿಯಲ್ಲಿ ಹೋಗುವವರಿಗೆ ತಿಳಿಯುತ್ತದೆ. ಕಷ್ಟ ಬರುವುದು ವ್ಯಾಪಾರ ಬದಲಾದಾಗ. ಹೆಸರು "ವಾಚ್ ವರ್ಕ್ಸ್", ಒಳಗೆ ಮಾರುವುದು ಮೊಬೈಲ್ ಕವರ್. ಒಂದು ಕಾಲಕ್ಕೆ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ಊರು ನಮ್ಮದು, ಕಾಲ ಹೇಗೆ ಬದಲಾಗುತ್ತದೆ ಅಂತ ಇಲ್ಲಿನವರಿಗೆ ಗೊತ್ತು. ಮುಖ್ಯ ಹೆಸರನ್ನು ವ್ಯಾಪಾರಕ್ಕೆ ಕಟ್ಟಿಹಾಕಬೇಡಿ. ಏನು ಮಾರುತ್ತೀರಿ ಅನ್ನುವುದನ್ನು ಅದರ ಕೆಳಗೆ ಚಿಕ್ಕ ಸಾಲಿನಲ್ಲಿ ಬರೆಸಿ. ಆ ಸಾಲನ್ನು ಯಾವಾಗ ಬೇಕಾದರೂ ಬದಲಿಸಬಹುದು.

"ಎಂಟರ್‌ಪ್ರೈಸಸ್", "ಟ್ರೇಡರ್ಸ್", "ಅಸೋಸಿಯೇಟ್ಸ್" ಇಂಥ ಪದಗಳು ಎಲ್ಲಾ ವ್ಯಾಪಾರಕ್ಕೂ ಹೊಂದುತ್ತವೆ. ಬಿಲ್ಲಿಗೆ ಸರಿ. ಅವು ನೆನಪಿನಲ್ಲಿ ಉಳಿಯುವುದಿಲ್ಲ, ಆ ಕೆಲಸವನ್ನು ಅವಕ್ಕಿಂತ ಮುಂಚೆ ಬರುವ ಪದವೇ ಮಾಡಬೇಕು.

ಕನ್ನಡದ ಹೆಸರಿಟ್ಟರೆ ಹಳ್ಳಿ ಅಂಗಡಿ ಥರ ಕಾಣುತ್ತೆ ಅಂತಾರೆ. ನಿಜಾನಾ?

ಇಲ್ಲ. ನಂದಿನಿ ಅನ್ನುವ ಹೆಸರಿನ ಹಾಲು ರಾಜ್ಯದ ತುಂಬಾ ಮಾರಾಟವಾಗುತ್ತದೆ. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಮುಂದೆ ಇವತ್ತೂ ಜನ ಕಾಯುತ್ತಾರೆ. ಹೆಸರು ಕನ್ನಡದ್ದು ಅಂತ ಯಾರೂ ವಾಪಸ್ ಹೋಗಿಲ್ಲ. ಗಿರಾಕಿ ಹೇಳೋಕೆ ತಡವರಿಸುವ ಇಂಗ್ಲಿಷ್ ಹೆಸರಿಗಿಂತ ಬಾಯಿಗೆ ಪರಿಚಯ ಇರುವ ಕನ್ನಡದ ಪದವೇ ಮೇಲು. ಹೊಂಗೆ, ಸಂಪಿಗೆ, ಕಣಜ, ಹಸಿರು, ಒರಳು, ತೊಟ್ಟಿಲು. ಇಂಥ ಪದಗಳು ಎಷ್ಟು ಬೇಕಾದರೂ ಇವೆ. ಬಟ್ಟೆ, ಆಟಿಕೆ, ಗಾಣದ ಎಣ್ಣೆ, ಸಾಂಬಾರ ಪುಡಿ ಮಾರುವವರು ದಯವಿಟ್ಟು ಒಮ್ಮೆ ಮನೆಯೊಳಗಿನ ಮಾತನ್ನೇ ಕಿವಿಗೊಟ್ಟು ಕೇಳಿ. ಒಳ್ಳೆಯ ಹೆಸರು ಅಲ್ಲೇ ಸಿಗುತ್ತದೆ.

ಹೊರಗಡೆ ಮಾರುವ ಆಲೋಚನೆ ಇದ್ದರೆ ಒಂದು ವಿಷಯ ನೋಡಿ. ಳ, ಣ, ಒತ್ತಕ್ಷರ ಜಾಸ್ತಿ ಇರುವ ಪದ ಇಂಗ್ಲಿಷಿನಲ್ಲಿ ಬರೆದಾಗ ಬೇರೆ ರಾಜ್ಯದವರು ಓದುವುದು ಕಷ್ಟ. ಅಂಥ ಕಡೆ ಎರಡು ಮೂರು ಅಕ್ಷರದ ಸರಳ ಪದ ಆರಿಸಿ.

ಬೋರ್ಡಿನಲ್ಲಿ ಕನ್ನಡ ಎಷ್ಟಿರಬೇಕು?

ಶೇಕಡಾ 60. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ಅಂಗಡಿ, ಹೋಟೆಲ್, ಆಸ್ಪತ್ರೆ, ಕೈಗಾರಿಕೆ ಇವುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಮತ್ತು ಅದು ಬೋರ್ಡಿನ ಮೇಲಿನ ಅರ್ಧದಲ್ಲಿ ಇರಬೇಕು. ಬೋರ್ಡ್ ಮಾಡಿಸಿದ ಮೇಲೆ ಬದಲಿಸಿದರೆ ದುಡ್ಡು ದಂಡ. ಫ್ಲೆಕ್ಸ್ ಅಂಗಡಿಯವರಿಗೆ ಮೊದಲೇ ಹೇಳಿ.

ಜಿಎಸ್‌ಟಿ ನೋಂದಣಿ ಇರುವವರು ಬಾಗಿಲ ಬಳಿಯ ಬೋರ್ಡಿನಲ್ಲಿ ಜಿಎಸ್‌ಟಿ ಸಂಖ್ಯೆಯನ್ನೂ ಹಾಕಬೇಕು. ಕಾಂಪೋಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ ಪದ್ಧತಿ) ಇರುವವರು ಅದನ್ನೂ ಬೋರ್ಡಿನಲ್ಲಿ ತಿಳಿಸಬೇಕು. ಇದಕ್ಕೆ ಜಾಗ ಬಿಟ್ಟುಕೊಂಡೇ ಡಿಸೈನ್ ಮಾಡಿಸಿ.

ಸಂಖ್ಯಾಶಾಸ್ತ್ರದವರು ಇಂಗ್ಲಿಷಿನಲ್ಲಿ ಒಂದು "ಎ" ಜಾಸ್ತಿ ಹಾಕಿ ಅಂದಿದ್ದಾರೆ. ಹಾಕಬಹುದಾ?

ನಂಬಿಕೆ ನಿಮ್ಮದು, ಅದರಲ್ಲಿ ನಾವು ಮಾತಾಡುವುದಿಲ್ಲ. ಕಾನೂನಿಗೂ ಅಡ್ಡಿ ಇಲ್ಲ. ಆದರೆ ಹಾಕುವುದಾದರೆ ಮೊದಲ ಅರ್ಜಿಯಿಂದಲೇ ಹಾಕಿ. ಜಿಎಸ್‌ಟಿಯಲ್ಲಿ ಒಂದು "ಎ", ಬ್ಯಾಂಕಿನಲ್ಲಿ ಎರಡು "ಎ", ಬಿಲ್ ಬುಕ್ಕಿನಲ್ಲಿ ಮತ್ತೊಂದು ಥರ ಆದರೆ ತೊಂದರೆ ಶುರು. ಚೆಕ್ ವಾಪಸ್ ಬರುತ್ತದೆ. ಸಾಲದ ಅರ್ಜಿ ನಿಲ್ಲುತ್ತದೆ. ಗೂಗಲ್‌ನಲ್ಲಿ ಹುಡುಕುವವರು ಮಾಮೂಲಿ ಕಾಗುಣಿತದಲ್ಲೇ ಹುಡುಕುತ್ತಾರೆ ಅನ್ನುವುದೂ ನೆನಪಿರಲಿ. ಕನ್ನಡದಲ್ಲಿ ಬರೆದಾಗ ಹೆಸರು ಬದಲಾಗದೆ ಇದ್ದರೆ ಅರ್ಧ ಸಮಸ್ಯೆ ಕಮ್ಮಿ.

ಹೆಸರು ಇನ್ನೊಬ್ಬರದಾ ಅಂತ ಹೇಗೆ ನೋಡೋದು?

ಮೊದಲು ಊರಲ್ಲಿ ಸುತ್ತಿ ನೋಡಿ. ಮಂಡಿಪೇಟೆ, ಚಿಕ್ಕಪೇಟೆ, ಎಂ.ಜಿ. ರಸ್ತೆ, ಅಂತರಸನಹಳ್ಳಿ, ನಿಮ್ಮ ವ್ಯಾಪಾರ ಎಲ್ಲಿ ಜಾಸ್ತಿ ನಡೆಯುತ್ತದೋ ಅಲ್ಲಿ. ಆಮೇಲೆ ಗೂಗಲ್ ಮ್ಯಾಪ್‌ನಲ್ಲಿ ಆ ಹೆಸರಿನ ಜೊತೆ ತುಮಕೂರು ಅಂತ ಹುಡುಕಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಗಳ ಹೆಸರನ್ನು, ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಬ್ರ್ಯಾಂಡ್ ಹೆಸರನ್ನು ದುಡ್ಡಿಲ್ಲದೆ ಹುಡುಕಬಹುದು. ಅಲ್ಲಿ ಒಂದೇ ಕಾಗುಣಿತದಲ್ಲಿ ಹುಡುಕಿ ಸುಮ್ಮನಾಗಬೇಡಿ. ಕೇಳಿಸುವುದು ಒಂದೇ ಥರ ಇರುವ ಎಲ್ಲಾ ಬರಹಗಳನ್ನೂ ನೋಡಿ.

ನಾನೊಬ್ಬನೇ ಮಾಲೀಕ. ಹೆಸರನ್ನು ಎಲ್ಲಿ ನೋಂದಣಿ ಮಾಡಿಸಬೇಕು?

ಒಬ್ಬರೇ ನಡೆಸುವ ವ್ಯಾಪಾರದ ಹೆಸರಿಗೆ ಅಂತಲೇ ಪ್ರತ್ಯೇಕ ನೋಂದಣಿ ಕಚೇರಿ ಇಲ್ಲ. ನೀವು ಬೇರೆ ಬೇರೆ ಪರವಾನಗಿ ಪಡೆಯುವಾಗ ಬರೆಸುವ ಹೆಸರೇ ನಿಮ್ಮ ಸಂಸ್ಥೆಯ ಹೆಸರಾಗುತ್ತದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯ ನೋಂದಣಿ, ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ), ಬೇಕಾದರೆ ಜಿಎಸ್‌ಟಿ. ತಿಂಡಿ, ಆಹಾರದ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಕೂಡ. ಕರೆಂಟ್ ಅಕೌಂಟ್ ತೆರೆಯುವಾಗ ಬ್ಯಾಂಕಿನವರು ಸಂಸ್ಥೆಯ ಹೆಸರಿರುವ ಎರಡು ದಾಖಲೆ ಕೇಳುತ್ತಾರೆ. ಎರಡರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಉದ್ಯಮ್ ನೋಂದಣಿ ಪೂರ್ತಿ ಉಚಿತ. 2020ರ ಜುಲೈ 1ರಿಂದ ಸರ್ಕಾರದ ಜಾಲತಾಣದಲ್ಲಿ ಆಧಾರ್ ಇಟ್ಟುಕೊಂಡು ನೀವೇ ಮಾಡಿಕೊಳ್ಳಬಹುದು. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಜಿಎಸ್‌ಟಿ ಪತ್ರದಲ್ಲಿ ಎರಡು ಹೆಸರು ಇರುತ್ತದೆ. ಒಂದು ಕಾನೂನಿನ ಹೆಸರು, ಅದು ಪಾನ್ ಕಾರ್ಡಿನಲ್ಲಿರುವ ನಿಮ್ಮ ಹೆಸರು. ಇನ್ನೊಂದು ವ್ಯಾಪಾರದ ಹೆಸರು. ಎರಡನೆಯದನ್ನು ಖಾಲಿ ಬಿಡಬೇಡಿ. ಗಿರಾಕಿ ಸ್ಕ್ಯಾನ್ ಮಾಡಿ "ಅಣ್ಣಾ, ಯಾವ ಹೆಸರು ಬರುತ್ತೆ?" ಅಂತ ಕೇಳುತ್ತಾರಲ್ಲ, ಅಲ್ಲಿ ಬೋರ್ಡಿನ ಹೆಸರೇ ಬರಬೇಕು ಅಂದರೆ ಸಂಸ್ಥೆಯ ಹೆಸರಲ್ಲೇ ಅಕೌಂಟ್ ಇರಬೇಕು. ಬೋರ್ಡಿನಲ್ಲಿ ಒಂದು, ಮೊಬೈಲಿನಲ್ಲಿ ಮತ್ತೊಂದು ಬಂದರೆ ಹೊಸ ಗಿರಾಕಿ ಒಂದು ಗಳಿಗೆ ಹಿಂಜರಿಯುತ್ತಾರೆ.

"ಆಂಡ್ ಕೋ", "ಪ್ರೈವೇಟ್ ಲಿಮಿಟೆಡ್" ಅಂತ ಸುಮ್ನೆ ಹಾಕಿಕೊಳ್ಳಬಹುದಾ?

"ಪ್ರೈವೇಟ್ ಲಿಮಿಟೆಡ್" ಹಾಕಲೇಬಾರದು. ಕಂಪನಿಯಾಗಿ ನೋಂದಣಿ ಆಗದೆ "ಲಿಮಿಟೆಡ್" ಅಂತ ಬಳಸಿದರೆ 2013ರ ಕಂಪನಿ ಕಾಯ್ದೆ ಪ್ರಕಾರ ದಿನಕ್ಕೆ 500ರಿಂದ 2,000 ರೂಪಾಯಿವರೆಗೆ ದಂಡ. ಅದು ಪ್ರತಿ ದಿನದ ಲೆಕ್ಕ. "ಆಂಡ್ ಕೋ" ಅಂತ ಹಾಕಿದರೆ ಪಾಲುದಾರರಿದ್ದಾರೆ ಅಂತ ಜನ ತಿಳಿಯುತ್ತಾರೆ. ಇಲ್ಲದಿದ್ದರೆ ಬೇಡ.

ಇಬ್ಬರು ಸೇರಿ ಪಾಲುದಾರಿಕೆ ಮಾಡುತ್ತಿದ್ದೇವೆ. "ರಾಯಲ್" ಅಂತ ಇಡಬೇಕು ಅಂತ ಆಸೆ.

1932ರ ಪಾಲುದಾರಿಕೆ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಕ್ರೌನ್, ಎಂಪರರ್, ಎಂಪೈರ್, ಇಂಪೀರಿಯಲ್, ಕಿಂಗ್, ಕ್ವೀನ್, ರಾಯಲ್ ಇಂಥ ಪದಗಳು ಪಾಲುದಾರಿಕೆ ಸಂಸ್ಥೆಯ ಹೆಸರಲ್ಲಿ ಇರಬಾರದು. ಸರ್ಕಾರದ ಒಪ್ಪಿಗೆ ಇದೆ ಅನ್ನಿಸುವ ಪದವೂ ಬೇಡ. ಬೇಕೇ ಬೇಕು ಅಂದರೆ ರಾಜ್ಯ ಸರ್ಕಾರದ ಲಿಖಿತ ಅನುಮತಿ ಬೇಕು. ಬ್ರಿಟಿಷರ ಕಾಲದಲ್ಲಿ ಬರೆದ ಕಾಯ್ದೆ, ಅದಕ್ಕೇ ಪಟ್ಟಿ ಹೀಗಿದೆ.

ಇದರ ಜೊತೆಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಎಲ್ಲರಿಗೂ ಅನ್ವಯ. ಮಹಾತ್ಮ ಗಾಂಧಿ, ಛತ್ರಪತಿ ಶಿವಾಜಿ ಮಹಾರಾಜ, ಪ್ರಧಾನಿ ಇವರ ಹೆಸರನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ.

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಹೆಸರು ಪಡೆಯುವುದು ಹೇಗೆ?

ಆನ್‌ಲೈನ್ ಅರ್ಜಿ. 1,000 ರೂಪಾಯಿ ಶುಲ್ಕ. ಒಂದು ಅರ್ಜಿಯಲ್ಲಿ ಎರಡು ಹೆಸರು ಕೊಡಬಹುದು. ಒಪ್ಪಿದರೆ ಹೊಸ ಕಂಪನಿಗೆ 20 ದಿನ ಆ ಹೆಸರನ್ನು ಕಾದಿರಿಸುತ್ತಾರೆ, ಅಷ್ಟರಲ್ಲಿ ಉಳಿದ ಕಾಗದ ಸಲ್ಲಿಸಬೇಕು.

ಈಗಾಗಲೇ ಇರುವ ಹೆಸರನ್ನು ಬಹುವಚನ ಮಾಡಿದರೆ, ನಡುವಿನ ಜಾಗ ತೆಗೆದರೆ, ಚುಕ್ಕಿ ಇಟ್ಟರೆ, ಕಾಗುಣಿತ ಬದಲಿಸಿದರೆ ಹೊಸ ಹೆಸರು ಅಂತ ಒಪ್ಪುವುದಿಲ್ಲ. ಬರೀ ಊರಿನ ಹೆಸರೂ ಆಗುವುದಿಲ್ಲ. ಬ್ಯಾಂಕ್, ಇನ್ಶೂರೆನ್ಸ್ ಅನ್ನುವ ಪದಕ್ಕೆ ಸಂಬಂಧಪಟ್ಟ ನಿಯಂತ್ರಕರ ಒಪ್ಪಿಗೆ ಬೇಕು. ನ್ಯಾಷನಲ್, ಕಮಿಷನ್, ಅಥಾರಿಟಿ ಇಂಥವಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು.

ಕಂಪನಿ ಹೆಸರು ಸಿಕ್ಕಿತು ಅಂದರೆ ಬ್ರ್ಯಾಂಡ್ ನಿಮ್ಮದಾಯಿತು ಅಂತಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅದೇ ಹೆಸರಿನ ಟ್ರೇಡ್‌ಮಾರ್ಕ್ ಇರುವವರು ಕಂಪನಿ ಶುರುವಾದ 3 ವರ್ಷದೊಳಗೆ ದೂರು ಕೊಟ್ಟರೆ ಹೆಸರು ಬದಲಿಸಿ ಅಂತ ಆದೇಶ ಬರಬಹುದು.

ಸಣ್ಣ ಅಂಗಡಿಗೆ ಟ್ರೇಡ್‌ಮಾರ್ಕ್ ಬೇಕಾ?

ಒಂದೇ ಬೀದಿಯ ದಿನಸಿ ಅಂಗಡಿಗೆ ಅವಸರ ಇಲ್ಲ. ಪ್ಯಾಕೆಟ್ ಮಾಡಿ ಊರಾಚೆ ಮಾರುವವರು, ಎರಡನೇ ಬ್ರ್ಯಾಂಚ್ ತೆರೆಯುವವರು, ಆನ್‌ಲೈನ್‌ನಲ್ಲಿ ಮಾರುವವರು ಮಾಡಿಸಿಕೊಳ್ಳಿ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ನೋಂದಣಿ 10 ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ವರ್ಗ ಅಂದರೆ ಏನು? ಸರಕು, ಸೇವೆಗಳನ್ನು 45 ವರ್ಗ ಮಾಡಿದ್ದಾರೆ. ಬಟ್ಟೆ 25, ಹೋಟೆಲ್ 43, ಸಾಂಬಾರ ಪದಾರ್ಥ 30. ನಮ್ಮ ಕಡೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಕೊಬ್ಬರಿ ಎಣ್ಣೆ. ಅಡುಗೆಗೆ ಮಾರಿದರೆ 29, ತಲೆಗೆ ಹಚ್ಚುವ ಎಣ್ಣೆ ಅಂತ ಮಾರಿದರೆ 3. ತಿಪಟೂರಿನ ಕಡೆ ಎರಡನ್ನೂ ಮಾರುವವರು ಎರಡು ವರ್ಗದಲ್ಲೂ ಹಾಕಬೇಕಾಗುತ್ತದೆ.

ಗುಣ ಹೇಳುವ ಪದಕ್ಕೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಶುದ್ಧ, ತಾಜಾ, ಬೆಸ್ಟ್, ರುಚಿ ಇವೆಲ್ಲ ಯಾರು ಬೇಕಾದರೂ ಹೇಳುವ ಮಾತು. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆ ಬಂದರೆ 30 ದಿನದಲ್ಲಿ ಉತ್ತರ ಕೊಡಬೇಕು, ಮೇಲ್ ನೋಡುತ್ತಿರಿ. ಟ್ರೇಡ್‌ಮಾರ್ಕ್ ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರು ವಿರೋಧಿಸಲು 4 ತಿಂಗಳು ಸಮಯ ಇರುತ್ತದೆ. ನೋಂದಣಿ ಆಗುವವರೆಗೆ ವೃತ್ತದೊಳಗಿನ "ಆರ್" ಗುರುತು ಹಾಕಬೇಡಿ, ಅದು ತಪ್ಪು. "ಟಿಎಂ" ಅಂತ ಹಾಕಬಹುದು.

ಪಕ್ಕದ ಬೀದಿಯಲ್ಲಿ ನನ್ನ ಹೆಸರಲ್ಲೇ ಅಂಗಡಿ ತೆರೆದಿದ್ದಾರೆ. ನನ್ನದು ನೋಂದಣಿ ಆಗಿಲ್ಲ. ಏನು ಮಾಡಲಿ?

ಧೈರ್ಯಗೆಡಬೇಡಿ. ನೋಂದಣಿ ಇಲ್ಲದಿದ್ದರೂ ಮೊದಲಿಂದ ಬಳಸಿದವರಿಗೆ ಹಕ್ಕಿದೆ. ಅಹಮದಾಬಾದಿನ ಮುಕ್ತಜೀವನ್ ಅನ್ನುವ ಕಲರ್ ಲ್ಯಾಬ್ ಹೆಸರಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಒಬ್ಬರು ದುಡಿದು ಗಳಿಸಿದ ಹೆಸರಿನಲ್ಲಿ ಇನ್ನೊಬ್ಬರು ಅದೇ ವ್ಯಾಪಾರ ಮಾಡಿ ಗಿರಾಕಿಗಳನ್ನು ಗೊಂದಲಕ್ಕೆ ಹಾಕುವ ಹಾಗಿಲ್ಲ ಅಂತ 2001ರಲ್ಲಿ ನ್ಯಾಯಾಲಯ ತಡೆ ಕೊಟ್ಟಿತು. ಸಣ್ಣ ವ್ಯಾಪಾರಿಗಳಿಗೆ ಇದು ದೊಡ್ಡ ಆಸರೆ.

ಆದರೆ ಮೊದಲು ನೀವೇ ಬಳಸಿದ್ದು ಅಂತ ತೋರಿಸಬೇಕು. ಹಳೆಯ ಬಿಲ್ ಬುಕ್, ಬೋರ್ಡಿನ ಫೋಟೋ, ಲೈಸೆನ್ಸ್, ಪತ್ರಿಕೆಯ ಜಾಹೀರಾತು, ಆಯುಧಪೂಜೆಯ ದಿನ ಅಂಗಡಿ ಮುಂದೆ ತೆಗೆದ ಫೋಟೋ ಕೂಡ ಉಪಯೋಗಕ್ಕೆ ಬರುತ್ತದೆ. ತಾರೀಕು ಕಾಣುವ ಯಾವ ಕಾಗದವನ್ನೂ ಬಿಸಾಡಬೇಡಿ. ಮೊದಲು ಹೋಗಿ ಮಾತಾಡಿ. ಒಂದೇ ಊರಿನವರು, ಎಷ್ಟೋ ಸಲ ಮಾತಲ್ಲೇ ಮುಗಿಯುತ್ತದೆ. ಆಗದಿದ್ದರೆ ವಕೀಲರಿಂದ ನೋಟಿಸ್.

ಹೆಸರಾದ ಬ್ರ್ಯಾಂಡಿನ ಒಂದಕ್ಷರ ಬದಲಿಸಿ ನೀವೇ ಹೆಸರಿಡುವ ಯೋಚನೆ ಇದ್ದರೆ, ಇದೇ ನಿಯಮ ನಿಮ್ಮ ಮೇಲೂ ಬರುತ್ತದೆ.

ಅಣ್ಣ ತಮ್ಮಂದಿರು ಭಾಗ ಆಗುತ್ತಿದ್ದೇವೆ. ಅಂಗಡಿ ಹೆಸರು ಯಾರಿಗೆ?

ಇದು ಬಹಳ ನೋವಿನ ಪ್ರಶ್ನೆ. ಪಾಲುಪಟ್ಟಿಯಲ್ಲಿ ಸೈಟು, ತೋಟ, ಒಡವೆ ಎಲ್ಲ ಬರೆಸುತ್ತಾರೆ. ಮಳಿಗೆ ಯಾರಿಗೆ ಅಂತಲೂ ಬರೆಸುತ್ತಾರೆ. ಹೆಸರು ಯಾರಿಗೆ ಅಂತ ಬರೆಸುವುದಿಲ್ಲ. ಆರು ತಿಂಗಳಲ್ಲಿ ತಮ್ಮ ಎದುರುಗಡೆ ಅದೇ ಹೆಸರಲ್ಲಿ ಅಂಗಡಿ ಹಾಕುತ್ತಾರೆ. ಅಣ್ಣ ಬೋರ್ಡಿಗೆ "ಒರಿಜಿನಲ್" ಅಂತ ಸೇರಿಸುತ್ತಾರೆ. ತಮ್ಮ "ನ್ಯೂ" ಅಂತ ಸೇರಿಸುತ್ತಾರೆ. ಅಪ್ಪ ಜೀವಮಾನವೆಲ್ಲ ದುಡಿದು ಗಳಿಸಿದ ಹೆಸರು ಹೀಗೆ ಎರಡು ತುಂಡಾಗುವುದನ್ನು ಗಿರಾಕಿಗಳೂ ನೋಡುತ್ತಾರೆ.

ಭಾಗ ಪತ್ರದಲ್ಲಿ ಹೆಸರಿಗೆ ಅಂತ ಒಂದು ಸಾಲು ಬರೆಸಿ. ಹೆಸರು ಒಬ್ಬರಿಗೆ ಹೋದರೆ ಇನ್ನೊಬ್ಬರಿಗೆ ಅದಕ್ಕೆ ತಕ್ಕ ಬೆಲೆ ಬರಲಿ. ಇಬ್ಬರೂ ಬಳಸುವುದಾದರೆ ಎಲ್ಲೆ ಗೊತ್ತುಮಾಡಿ. ತುಮಕೂರು ನಗರ ಒಬ್ಬರಿಗೆ, ಶಿರಾ ಕಡೆ ಇನ್ನೊಬ್ಬರಿಗೆ. ಅಥವಾ ಬಟ್ಟೆ ಒಬ್ಬರಿಗೆ, ಪಾತ್ರೆ ಇನ್ನೊಬ್ಬರಿಗೆ. ಪಾಲುದಾರಿಕೆ ಸಂಸ್ಥೆಯಾದರೆ ಕಾಯ್ದೆ ಸ್ವಲ್ಪ ಸ್ಪಷ್ಟವಾಗಿದೆ. ಹೊರಗೆ ಹೋದ ಪಾಲುದಾರರು ಅದೇ ವ್ಯಾಪಾರ ಬೇರೆ ಮಾಡಬಹುದು, ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ ಸಂಸ್ಥೆಯ ಹೆಸರು ಬಳಸುವ ಹಾಗಿಲ್ಲ. ಕುಟುಂಬದ ವ್ಯಾಪಾರದಲ್ಲಿ ಎಷ್ಟೋ ಸಲ ಪಾಲುದಾರಿಕೆ ಪತ್ರವೇ ಇರುವುದಿಲ್ಲ. ಲೈಸೆನ್ಸ್ ಅಪ್ಪನ ಹೆಸರಲ್ಲೇ ಇರುತ್ತದೆ. ಅಪ್ಪ ಇರುವಾಗಲೇ, ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವ ಕಾಲದಲ್ಲೇ, ಇದನ್ನು ಮಾತಾಡಿ ಬರೆದಿಡಿ.

ನಡೆಯುತ್ತಿರುವ ಅಂಗಡಿ ಕೊಂಡುಕೊಂಡೆ. ಹಳೆಯ ಹೆಸರೇ ಇರಲಾ?

ಹೆಸರು ಚೆನ್ನಾಗಿದ್ದರೆ ಇರಲಿ. ಆದರೆ ಮಾರಾಟದ ಪತ್ರದಲ್ಲಿ ಹೆಸರು ಮತ್ತು ಗುಡ್‌ವಿಲ್ (ಆ ಅಂಗಡಿ ಗಿರಾಕಿಗಳಲ್ಲಿ ಗಳಿಸಿದ ನಂಬಿಕೆ) ಸೇರಿ ಅಂತ ಬರೆಸಿರಬೇಕು. ಹಳೆಯ ಮಾಲೀಕರು ಹತ್ತಿರದಲ್ಲೇ ಅದೇ ಹೆಸರಲ್ಲಿ ಮತ್ತೆ ತೆರೆಯುವುದಿಲ್ಲ ಅಂತಲೂ ಬರೆಸಿ. ಅವರ ಹಳೆಯ ಬಾಕಿ ನಿಮಗೆ ಸೇರಿದ್ದಲ್ಲ ಅನ್ನುವುದನ್ನೂ.

ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡುತ್ತೇನೆ. ನನಗೂ ಹೆಸರು ಬೇಕಾ?

ಬೇಕು. ಈಗ ಅಕ್ಕಪಕ್ಕದವರು "ಆ ಆಂಟಿ ಮಾಡೋ ಚಟ್ನಿಪುಡಿ" ಅಂತ ಹೇಳಿ ತರಿಸುತ್ತಾರೆ. ಪ್ಯಾಕೆಟ್ ಬೆಂಗಳೂರಿಗೆ ಹೋದ ಮೇಲೆ ಅಲ್ಲಿನವರು ಏನಂತ ಕೇಳಬೇಕು? ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಹೇಗೂ ಇರಲೇಬೇಕು. ನಿಮ್ಮ ಹೆಸರೇ ಇಡಿ, ಅಥವಾ ಮೊಮ್ಮಕ್ಕಳು ನಿಮ್ಮನ್ನು ಕರೆಯುವ ಹೆಸರಿಡಿ. ಹೆಣ್ಣುಮಕ್ಕಳು ಬಹಳ ಸಲ ಗಂಡನ ಹೆಸರಲ್ಲೋ ಮಗನ ಹೆಸರಲ್ಲೋ ನೋಂದಣಿ ಮಾಡಿಸೋಕೆ ಹೊರಡುತ್ತಾರೆ. ಕೈರುಚಿ ನಿಮ್ಮದು, ಲೈಸೆನ್ಸೂ ನಿಮ್ಮ ಹೆಸರಲ್ಲೇ ಇರಲಿ. ಸ್ವಸಹಾಯ ಸಂಘದವರು ಒಟ್ಟಾಗಿ ಮಾಡುವುದಾದರೆ ಬ್ರ್ಯಾಂಡ್ ಹೆಸರು ಸಂಘಕ್ಕೆ ಸೇರಿದ್ದು ಅಂತ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಗೂಗಲ್ ಮ್ಯಾಪ್‌ನಲ್ಲಿ "ಬೆಸ್ಟ್ ಬೇಕರಿ ಇನ್ ತುಮಕೂರು" ಅಂತ ಸೇರಿಸಿದರೆ ಜಾಸ್ತಿ ಜನ ಬರುತ್ತಾರಾ?

ಬೇಡ. ಬೋರ್ಡಿನಲ್ಲಿ ಇರುವ ಹೆಸರನ್ನೇ ಹಾಕಬೇಕು ಅಂತ ಗೂಗಲ್ ನಿಯಮ. ಬೇರೆ ಪದ ತುರುಕಿದರೆ ನಿಮ್ಮ ಪುಟವನ್ನೇ ತಡೆಹಿಡಿಯಬಹುದು.

ಹೆಸರು ಬದಲಿಸಲೇಬೇಕು. ಯಾವ ಕ್ರಮದಲ್ಲಿ ಮಾಡಲಿ?

ಹೊಸ ಹೆಸರು ಬೇರೆಯವರದಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಜಿಎಸ್‌ಟಿಯಲ್ಲಿ ಬದಲಾವಣೆ ಆದ 15 ದಿನದೊಳಗೆ ತಿದ್ದುಪಡಿ ಅರ್ಜಿ ಹಾಕಬೇಕು. ಆಮೇಲೆ ಉದ್ಯಮ್, ಪಾಲಿಕೆ ಲೈಸೆನ್ಸ್, ಕಾರ್ಮಿಕ ಇಲಾಖೆ, ಎಫ್‌ಎಸ್‌ಎಸ್‌ಎಐ. ಇವುಗಳಲ್ಲಿ ಎರಡು ಕೈಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ, ಹೊಸ ಕ್ಯೂಆರ್ ತರಿಸಿ. ಬಾಡಿಗೆ ಕರಾರು, ವಿಮೆ, ತೂಕದ ಯಂತ್ರದ ಪ್ರಮಾಣಪತ್ರ ಇವನ್ನು ಜನ ಮರೆಯುತ್ತಾರೆ, ನೀವು ಮರೆಯಬೇಡಿ. ಬೋರ್ಡನ್ನು ಕೊನೆಗೆ ಬದಲಿಸಿ. ಕೆಲವು ತಿಂಗಳು ಹೊಸ ಹೆಸರಿನ ಕೆಳಗೆ ಹಳೆಯ ಹೆಸರೂ ಚಿಕ್ಕದಾಗಿ ಇರಲಿ, ಬಿಲ್ಲಿನ ಮೇಲೂ ಹಾಗೇ ಹಾಕಿಸಿ. ಹಳ್ಳಿಯಿಂದ ಸಂತೆ ದಿನ ಮಾತ್ರ ಬರುವ ಗಿರಾಕಿಗಳಿಗೆ ಅಂಗಡಿ ಅದೇ ಅಂತ ತಿಳಿಯೋಕೆ ಅಷ್ಟು ಸಮಯ ಬೇಕಾಗುತ್ತದೆ.